ಬೆಟ್ಟದ ಮೇಲೆ, ನೀರಿನ ಪಕ್ಕ ಮನೆ ಬುಕ್ ಮಾಡುವವರೇ, ದುಡ್ಡು ಕಳಿಸುವ ಮುಂಚೆ ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ. ಇದು ಹಾಸಿಗೆ ಗಟ್ಟಿ ಇತ್ತು, ಊಟ ಆರಿಹೋಗಿತ್ತು ಅನ್ನುವ ಗೊಣಗಾಟ ಅಲ್ಲ. ಅವೂ ಇದ್ದವು, ಬಿಡಿ. ನಮ್ಮ ಅಕ್ಕ, ಭಾವ ಮತ್ತು ಅವರ ಮಗ ಆ ಮನೆಯಲ್ಲಿ ಮಲಗಿ, ಬೆಳಗ್ಗೆ ಜೀವಂತ ಎದ್ದದ್ದೇ ದೊಡ್ಡದು. ಶನಿವಾರ ಭಾನುವಾರ ಸಿಕ್ಕರೆ ಸಾಕು, ಬೆಟ್ಟವೂ ನೀರೂ ಇರುವ ಹಳ್ಳಿ ಕಡೆ ಹೋಗಿಬರೋಣ ಅನ್ನುವವರು ಈಗ ತುಂಬಾ ಜನ. ಅವರು ಓದಲಿ ಅಂತ ಬರೆಯುತ್ತಿದ್ದೇನೆ.

ಜಾಹೀರಾತು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಇಳಿಜಾರಿನಲ್ಲಿ ಚಿಕ್ಕ ಮನೆ, ಜಗಲಿಯಿಂದ ಕೈ ಚಾಚಿದರೆ ಸಿಗುವಂತೆ ನೀಲಿ ನೀರು, ಕೆಳಗೆ 'ಸರೋವರಕ್ಕೆ 2 ಕಿಲೋಮೀಟರ್' ಅಂತ ಒಂದು ಸಾಲು. ಜಗಲಿಯಿಂದ ನೀರು ಕಾಣುವುದು ನಿಜ. ದೂರದ ನೀರನ್ನು ಹತ್ತಿರ ತಂದು ತೋರಿಸಿದ್ದು ಜೂಮ್ ಲೆನ್ಸು. ಆ 2 ಕಿಲೋಮೀಟರ್ ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆದದ್ದು. ನಡೆಯುವ ದಾರಿ ಕಣಿವೆಗೆ ಇಳಿದು, ಬಳಸಿಕೊಂಡು ಹೋಗುತ್ತದೆ. ವಾಪಸ್ ಬರುವಾಗ ಅದಷ್ಟನ್ನೂ ಹತ್ತಬೇಕು.

ಬೆಟ್ಟದಲ್ಲಿ ಕಿಲೋಮೀಟರ್ ಒಂದನ್ನೇ ಕೇಳಿದರೆ ಏನೂ ತಿಳಿಯುವುದಿಲ್ಲ, ಎತ್ತರವನ್ನೂ ಕೇಳಬೇಕು. ಬೆಟ್ಟ ಹತ್ತುವವರು ಬಳಸುವ ಒಂದು ಹಳೇ ಲೆಕ್ಕ ಇದೆ. 1892ರಲ್ಲಿ ಸ್ಕಾಟ್‌ಲೆಂಡಿನ ವಿಲಿಯಂ ನೇಸ್ಮಿತ್ ಹೇಳಿದ್ದು. ಗಂಟೆಗೆ ಸುಮಾರು 5 ಕಿಲೋಮೀಟರ್ ನಡಿಗೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದವರ ಲೆಕ್ಕ. ಮಕ್ಕಳು, ಮಂಡಿನೋವಿನವರು ಜೊತೆಗಿದ್ದರೆ ಇನ್ನೂ ಜಾಸ್ತಿ ಹಿಡಿಯುತ್ತದೆ.

ಸರೋವರ ಅಂತ ಬರೆದಿದ್ದರಲ್ಲ, ಅದು ಅಣೆಕಟ್ಟಿನ ಹಿನ್ನೀರು. ಹಿನ್ನೀರು ಅಂದರೆ ಕೀಳು ಅಂತಲ್ಲ. ಆದರೆ ಅದರ ಮಟ್ಟ ವರ್ಷವಿಡೀ ಒಂದೇ ಇರುವುದಿಲ್ಲ. ನೀರು ಬಿಟ್ಟಂತೆಲ್ಲ ಇಳಿಯುತ್ತದೆ. ಫೋಟೋ ತೆಗೆದದ್ದು ತುಂಬಿದ ಕಾಲದಲ್ಲಿ, ನಾವು ಹೋದದ್ದು ಬತ್ತಿದ ಕಾಲದಲ್ಲಿ. ಎಲ್ಲಿ ನೋಡಿದರೂ ಬಿರುಕು ಬಿಟ್ಟ ಮಣ್ಣು, ಅದರಾಚೆ ಕೆಸರು, ಅದರಾಚೆ ನೀರು. ಮನೆ ನಡೆಸುವವರಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ? 'ಈಗ ನೀರು ಹೇಗಿದೆ' ಅಂತ ಬುಕ್ ಮಾಡುವಾಗಲೇ ಅಕ್ಕ ಕೇಳಿದ್ದಳು. 'ಫುಲ್ ಇದೆ ಮೇಡಂ' ಅಂದಿದ್ದರು. ನಾನು ಇದನ್ನು ಸುಳ್ಳು ಅಂತಲೇ ಕರೆಯುತ್ತೇನೆ, ಉತ್ಪ್ರೇಕ್ಷೆ ಅಂತ ಅಲ್ಲ.

ಇದನ್ನು ಮನೆಯಲ್ಲೇ ಕೂತು ಪರೀಕ್ಷಿಸಬಹುದು. ಮಾಲೀಕರು ಹಾಕಿದ ಫೋಟೋ ಬಿಟ್ಟು, ಉಳಿದುಕೊಂಡು ಹೋದವರು ಹಾಕಿದ ಫೋಟೋ ನೋಡಿ. ಅದರಲ್ಲೂ ನೀವು ಹೋಗುವ ತಿಂಗಳಿನವು. ಉಪಗ್ರಹ ನಕ್ಷೆಯಲ್ಲಿ ದಂಡೆಯ ಸುತ್ತ ಬೋಳು ಮಣ್ಣಿನ ಪಟ್ಟಿ ಕಂಡರೆ ನೀರು ಏರಿಳಿಯುವ ಜಾಗ ಅಂತ ತಿಳಿಯಿರಿ. ಅನುಮಾನ ಉಳಿದರೆ ಈಗಲೇ ಒಂದು ವಿಡಿಯೋ ಕಾಲ್ ಮಾಡಿ ತೋರಿಸಿ ಅನ್ನಿ. ನೆಟ್‌ವರ್ಕ್ ಇಲ್ಲ ಅಂದರೆ ಅದೂ ಒಂದು ಮಾಹಿತಿಯೇ.

ದುಡ್ಡಿನ ವಿಷಯ. ಬುಕಿಂಗ್ ಆ್ಯಪಿನಲ್ಲಿ ವಿಚಾರಿಸಿದ ಕೂಡಲೇ ಅವರಿಂದ ಫೋನ್ ಬಂತು. ಆ್ಯಪಿನಲ್ಲಿ ಕಟ್ಟಬೇಡಿ, ಕಮಿಷನ್ ಸುಮ್ನೆ ದಂಡ, ನೇರವಾಗಿ ಕಳಿಸಿದರೆ ಕಡಿಮೆ ಮಾಡಿಕೊಡುತ್ತೇವೆ, ಬೇರೆಯವರೂ ಕೇಳುತ್ತಿದ್ದಾರೆ, ಸಂಜೆಯೊಳಗೆ ಹೇಳಿ. ಈ ನಾಲ್ಕು ಮಾತು ಒಂದೇ ಉಸಿರಿನಲ್ಲಿ ಬಂದರೆ ಫೋನ್ ಇಟ್ಟುಬಿಡಿ. ಆ್ಯಪಿನ ಹೊರಗೆ ಹೋದ ದುಡ್ಡಿಗೆ ಆ್ಯಪಿನವರು ಸಾಮಾನ್ಯವಾಗಿ ಜವಾಬ್ದಾರರಲ್ಲ.

ದಾರಿಯೂ ಅಷ್ಟೇ. ಅವರು ಕಳಿಸಿದ ಲೊಕೇಶನ್ ಹಾಕಿದರೆ ಫೋನು ಹತ್ತಿರದ ದಾರಿ ತೋರಿಸಿತು. ಹತ್ತಿರವೇನೋ ಸರಿ, ಅರ್ಧ ದಾರಿ ಮುಗಿದ ಮೇಲೆ ಡಾಂಬರು ಇಲ್ಲ, ಎದುರು ಗಾಡಿ ಬಂದರೆ ಸರಿಯಲು ಜಾಗ ಇಲ್ಲ, ಒಂದು ಕಡೆ ಪ್ರಪಾತ. ದಾರಿಯ ಅಗಲ, ಕಡಿದಾದ ತಿರುವು, ಮಳೆಗೆ ಕೊಚ್ಚಿಹೋದ ಮೋರಿ ಇವೆಲ್ಲ ಫೋನಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ. ಆಮೇಲೆ ತಿಳಿಯಿತು, ಸುತ್ತಿಕೊಂಡು ಬರುವ ಒಳ್ಳೆಯ ರಸ್ತೆಯೂ ಇದೆ. ಹಾಗಾಗಿ 'ಲೊಕೇಶನ್ ಕಳಿಸಿ' ಅಂತಷ್ಟೇ ಕೇಳಬೇಡಿ, 'ನಿಮ್ಮ ಮನೆಗೆ ಸಿಲಿಂಡರ್ ತರುವ ಗಾಡಿ ಯಾವ ದಾರಿಯಲ್ಲಿ ಬರುತ್ತದೆ' ಅಂತ ಕೇಳಿ. ನಕ್ಷೆಯನ್ನು ಊರಿನಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಜಿಪಿಎಸ್ ಉಪಗ್ರಹದಿಂದ ಬರುವುದು, ಅದಕ್ಕೆ ಮೊಬೈಲ್ ನೆಟ್‌ವರ್ಕ್ ಬೇಕಿಲ್ಲ. ನೆಟ್‌ವರ್ಕ್ ಬೇಕಾಗುವುದು ನಕ್ಷೆಗೆ. ಇಳಿಯುವಾಗ ಬ್ರೇಕನ್ನೇ ಒತ್ತಿ ಹಿಡಿಯದೆ ಕೆಳಗಿನ ಗೇರಿನಲ್ಲಿ ಇಳಿಯಿರಿ. ಬ್ರೇಕು ಕಾದರೆ ಹಿಡಿತ ಕಡಿಮೆಯಾಗುತ್ತದೆ, ಸುಟ್ಟ ವಾಸನೆ ಬಂದರೆ ನಿಲ್ಲಿಸಿ ಆರಲು ಬಿಡಿ.

ಇನ್ನೊಂದು ಸಣ್ಣ ವಿಷಯ. ಫೋನಿನಲ್ಲಿ ಸೂರ್ಯಾಸ್ತದ ಸಮಯ ನೋಡಿಕೊಂಡು ಲೆಕ್ಕ ಹಾಕಬೇಡಿ. ಕಣಿವೆಯಲ್ಲಿ ಸೂರ್ಯ ಬೆಟ್ಟದ ಹಿಂದೆ ಸರಿಯುವುದು ಅದಕ್ಕಿಂತ ಬಹಳ ಮುಂಚೆ, ಸರಿದ ಕೂಡಲೇ ಚಳಿ. 1,000 ಮೀಟರ್ ಮೇಲೇರಿದರೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇಳಿಯುತ್ತದೆ. ಕೆಳಗಿನ ಪಟ್ಟಣದ ಹವಾಮಾನ ನೋಡಿ ಬಟ್ಟೆ ತುಂಬಿಕೊಂಡರೆ ನಡುಗುವುದು ಖಂಡಿತ.

ಇನ್ನು ನೀರು. ಅಕ್ಕನ ಮಗ ಖುಷಿಯಲ್ಲಿ ಓಡಿದವನು ಕೆಸರಿನಲ್ಲಿ ಮೊಣಕಾಲುದ್ದ ಹೂತುಹೋದ. ಮೇಲೆ ಒಣಗಿ ಗಟ್ಟಿಯಾಗಿ ಕಂಡರೂ ಒಳಗೆ ಮೆತ್ತಗಿರುತ್ತದೆ. ಹೀಗಾದಾಗ ಒಂದು ಕಾಲು ಎಳೆಯಲು ಹೋಗಿ ಇನ್ನೊಂದು ಕಾಲಿನ ಮೇಲೆ ಭಾರ ಹಾಕಿದರೆ ಅದು ಇನ್ನೂ ಇಳಿಯುತ್ತದೆ. ಹಿಂದಕ್ಕೆ ಒರಗಿ, ಭಾರವನ್ನು ಅಗಲಕ್ಕೆ ಹರಡಿ, ಕಾಲನ್ನು ನಿಧಾನವಾಗಿ ಅಲ್ಲಾಡಿಸುತ್ತಾ ಬಿಡಿಸಿಕೊಳ್ಳಬೇಕು. ಅಲ್ಲಿದ್ದ ಒಬ್ಬ ಮೀನುಗಾರ ಹಲಗೆ ಹಾಕಿ ಎಳೆದರು. ದಂಡೆಯಲ್ಲಿ ಒಂದು ಎಚ್ಚರಿಕೆ ಫಲಕ ಇಲ್ಲ.

ದೋಣಿ ವಿಹಾರವೂ ಪ್ಯಾಕೇಜಿನಲ್ಲಿ ಸೇರಿತ್ತು. ಲೈಫ್ ಜಾಕೆಟ್ ಕೇಳಿದರೆ ದೋಣಿಯ ತಳದಿಂದ ಎಳೆದು ಕೊಟ್ಟರು. ಒಂದಕ್ಕೆ ಬಕಲ್ ಇಲ್ಲ, ಇನ್ನೊಂದರ ಒಳಗಿನ ಫೋಮ್ ಹಿಂಡಿಹೋಗಿದೆ, ಮಕ್ಕಳ ಅಳತೆಯದ್ದು ಇಲ್ಲವೇ ಇಲ್ಲ. ದೊಡ್ಡವರ ಜಾಕೆಟ್ಟು ಮಗುವಿಗೆ ಹಾಕಿದರೆ ನೀರಿನಲ್ಲಿ ಜಾಕೆಟ್ಟು ಮೇಲೆ, ಮಗು ಕೆಳಗೆ. ಹಾಕಿಸಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ, ಕಿವಿಯವರೆಗೆ ಬಂದರೆ ಅದು ಆ ಮಗುವಿನದ್ದಲ್ಲ. ನಾವು ಹತ್ತಲಿಲ್ಲ. 'ಈಜು ಬಂದರೆ ಭಯ ಯಾಕೆ ಸಾರ್' ಅಂತ ಒಂದು ಮಾತು ಕೇಳಬೇಕಾಯಿತು.

ಆ ಮಾತಿಗೆ ಇಲ್ಲಿ ಉತ್ತರ ಕೊಡುತ್ತೇನೆ. ಬೆಟ್ಟದ ನೀರು ಮೇಲೆ ಬೆಚ್ಚಗಿದ್ದರೂ ಕೆಲವು ಮೀಟರ್ ಕೆಳಗೆ ಕೊರೆಯುವಷ್ಟು ತಣ್ಣಗಿರಬಹುದು. 15 ಡಿಗ್ರಿಗಿಂತ ತಣ್ಣಗಿನ ನೀರಿಗೆ ಒಮ್ಮೆಲೇ ಬಿದ್ದರೆ ಉಸಿರು ತಾನಾಗಿ ಒಳಕ್ಕೆ ಎಳೆಯುತ್ತದೆ, ಆಮೇಲೆ ಏದುಸಿರು. ಆ ಕ್ಷಣ ಬಾಯಿ ನೀರಿನೊಳಗಿದ್ದರೆ ಮುಗಿಯಿತು. ಈ ಮೊದಲ ಹೊಡೆತ ಒಂದೆರಡು ನಿಮಿಷದಲ್ಲಿ ಇಳಿಯುತ್ತದೆ. ಆದರೆ ನೀರು ತೀರಾ ತಣ್ಣಗಿದ್ದರೆ ಸ್ವಲ್ಪ ಹೊತ್ತಿನಲ್ಲೇ ಕೈಕಾಲಿನ ಬಲ ಹೋಗುತ್ತದೆ, ಎಂಥ ಈಜುಗಾರನಿಗೂ. ಬಿದ್ದವರು ತಕ್ಷಣ ಈಜಲು ಹೋಗದೆ ಅಂಗಾತ ತೇಲಿ ಉಸಿರು ಹಿಡಿತಕ್ಕೆ ತಂದುಕೊಳ್ಳಬೇಕು ಅನ್ನುವುದು ಇದಕ್ಕೇ. ಗಾಳಿಯದ್ದೂ ಒಂದು ಕಥೆ. ಬೆಳಗ್ಗೆ ಕನ್ನಡಿಯ ಹಾಗಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ಬಿಸಿಲಿಗೆ ಇಳಿಜಾರು ಕಾದು ಗಾಳಿ ಎದ್ದು ಅಲೆ ಹೊಡೆಯಬಹುದು. ದೋಣಿ ಹತ್ತುವುದೇ ಆದರೆ ಬೆಳಗ್ಗೆ ಹತ್ತಿ.

ಈಗ ರಾತ್ರಿಯ ವಿಷಯ. ಇಷ್ಟು ಬರೆದದ್ದು ಇದಕ್ಕಾಗಿಯೇ.

ರೂಮಿನಲ್ಲಿ ಹೀಟರ್ ಇದೆ ಅಂತ ಜಾಹೀರಾತಿನಲ್ಲಿತ್ತು. ಸಂಜೆ ಕರೆಂಟು ಹೋಯಿತು. ಕೆಲಸದ ಹುಡುಗ ಒಂದು ಕಬ್ಬಿಣದ ಅಗ್ಗಿಷ್ಟಿಕೆ ತುಂಬ ಇದ್ದಿಲ ಕೆಂಡ ತಂದು ಅಕ್ಕನ ರೂಮಿನ ಮೂಲೆಯಲ್ಲಿ ಇಟ್ಟ. ಪಕ್ಕದಲ್ಲಿ ಒಂದು ಬಟ್ಟಲು ನೀರು. 'ಹೊಗೆ ಇಲ್ಲ ಮೇಡಂ, ಏನೂ ಆಗಲ್ಲ, ಎಲ್ಲರಿಗೂ ಇದನ್ನೇ ಇಡೋದು.' ನಮ್ಮ ರೂಮಿಗೆ ಇನ್ನೊಂದು ಇರಲಿಲ್ಲ, ನಾವು ಕಂಬಳಿ ಹೊದ್ದು ನಡುಗುತ್ತಾ ಮಲಗಿದೆವು.

ಬೆಳಗ್ಗೆ ಎಷ್ಟು ತಟ್ಟಿದರೂ ಬಾಗಿಲು ತೆಗೆಯಲಿಲ್ಲ. ಕೊನೆಗೆ ಭಾವ ಗೋಡೆ ಹಿಡಿದುಕೊಂಡು ಬಂದು ಚಿಲಕ ತೆಗೆದು ಅಲ್ಲೇ ಕುಸಿದರು. ಅಕ್ಕನಿಗೆ ತಲೆ ಸಿಡಿಯುವ ನೋವು, ವಾಂತಿ. ಹುಡುಗನನ್ನು ಅಲ್ಲಾಡಿಸಿದರೂ ಕಣ್ಣು ಬಿಡದಷ್ಟು ಮಂಪರು. ಮೂವರನ್ನೂ ಅಂಗಳಕ್ಕೆ ಎಳೆದು ತಂದೆವು. ಮನೆ ನಡೆಸುವವರು ನಿಂತು ನೋಡಿ ಹೇಳಿದ್ದು, 'ಎತ್ತರದ ಜಾಗ ಅಲ್ವಾ, ಹೊಸಬರಿಗೆ ಹೀಗಾಗುತ್ತೆ.' ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರ್ ದಾಟಿದ ಮೇಲೆ. ಆ ಊರು ಅದರ ಅರ್ಧವೂ ಇಲ್ಲ.

ಅದು ಕಾರ್ಬನ್ ಮಾನಾಕ್ಸೈಡ್. ಗಾಳಿ ಸಾಲದೆ ಉರಿಯುವ ಇದ್ದಿಲು, ಸೌದೆ, ಗ್ಯಾಸು, ಪೆಟ್ರೋಲು ಎಲ್ಲದರಿಂದಲೂ ಬರುವ ಅನಿಲ. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ. ಹೊಗೆಯಾಡುವ ಒಲೆಯಾದರೆ ಕೆಮ್ಮಿ ಎದ್ದಾದರೂ ಬರುತ್ತೇವೆ. ಕೆಂಪಗೆ ಹೊಳೆಯುವ, ಹೊಗೆ ಇಲ್ಲದ ಕೆಂಡದ ಅಪಾಯ ಅದೇ. ರಕ್ತದ ಹಿಮೋಗ್ಲೋಬಿನ್‌ಗೆ ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಹಾಗಾಗಿ ಸ್ವಲ್ಪ ಇದ್ದರೂ ಆಮ್ಲಜನಕಕ್ಕೆ ಜಾಗ ಸಿಗುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಹೀಗೆ ಶುರುವಾಗುತ್ತದೆ. ಮಲಗಿದ್ದವರಿಗೆ ಅದೂ ತಿಳಿಯದೆ ಹೋಗಬಹುದು. ಬಟ್ಟಲಿನ ನೀರು ಇದನ್ನು ಹೀರುವುದಿಲ್ಲ. ಆ ನೀರಿನಿಂದ ಆಗುವ ಉಪಕಾರ ಸೊನ್ನೆ.

ನಮ್ಮ ಹತ್ತಿರ ಬೆರಳಿಗೆ ಹಾಕುವ ಆಕ್ಸಿಮೀಟರ್ ಇತ್ತು. ಹಾಕಿದರೆ 98 ತೋರಿಸಿತು. 'ನೋಡಿ, ಆಕ್ಸಿಜನ್ ಸರಿಯಾಗೇ ಇದೆ' ಅಂದರು. ಇಲ್ಲೇ ಮೋಸಹೋಗುವುದು. ಆ ಸಾದಾ ಉಪಕರಣಕ್ಕೆ ಆಮ್ಲಜನಕ ಅಂಟಿದ ರಕ್ತಕ್ಕೂ ಈ ವಿಷ ಅಂಟಿದ ರಕ್ತಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಂಕಿ ಚೆನ್ನಾಗಿದೆ ಅಂತ ಕಾಯಬೇಡಿ. ಒಂದೇ ರೂಮಿನಲ್ಲಿ ಮಲಗಿದ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದಿದ್ದರೆ, ಹೊರಗೆ ಬಂದ ಮೇಲೆ ಸ್ವಲ್ಪ ಹಗುರ ಅನಿಸಿದರೆ, ಅದು ಇದೇ ಅಂತ ತಿಳಿದು ಆಸ್ಪತ್ರೆಗೆ ಹೊರಡಿ. ನಾವು ಅದೇ ಕೆಟ್ಟ ದಾರಿಯಲ್ಲಿ, ಕಿಟಕಿ ಪೂರ್ತಿ ಇಳಿಸಿಕೊಂಡು, ಹುಡುಗನನ್ನು ಮಾತಾಡಿಸುತ್ತಾ ಇಳಿದೆವು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು. ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರು. ಬರೀ ಗಾಳಿಯಲ್ಲಾದರೆ ರಕ್ತದಲ್ಲಿನ ಈ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯ ಆಸುಪಾಸು. ಈಗ ಮೂವರೂ ಆರಾಮಾಗಿದ್ದಾರೆ.

ಇದು ಅಗ್ಗಿಷ್ಟಿಕೆಯ ಕಥೆ ಮಾತ್ರ ಅಲ್ಲ. ಕಿಟಕಿ ಇಲ್ಲದ ಬಚ್ಚಲಿನ ಗ್ಯಾಸ್ ಗೀಸರ್, ಕಿಟಕಿಯ ಪಕ್ಕದಲ್ಲೇ ಓಡುವ ಜನರೇಟರ್, ರಾತ್ರಿ ಚಳಿಗೆ ಟೆಂಟಿನೊಳಗೆ ಎಳೆದುಕೊಂಡ ಬಾರ್ಬೆಕ್ಯೂ, ಎಲ್ಲದರದ್ದೂ ಇದೇ ಕೆಲಸ. ಆರಿಹೋದಂತೆ ಕಾಣುವ ಕೆಂಡವೂ ಸಾಕು. ಕಿಟಕಿ ಒಂದಿಷ್ಟು ತೆರೆದಿಟ್ಟಿದ್ದೇವಲ್ಲ ಅನ್ನುವ ಧೈರ್ಯ ಬೇಡ. ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಕಾರ್ಬನ್ ಮಾನಾಕ್ಸೈಡ್ ಅಲಾರಂ ಸಿಗುತ್ತದೆ, ಬ್ಯಾಗಿನ ಮೂಲೆಯಲ್ಲಿ ಕೂರುವಷ್ಟೇ ಇರುತ್ತದೆ. ಹೊಗೆಯ ಅಲಾರಂ ಬೇರೆ, ಇದು ಬೇರೆ, ಕೊಳ್ಳುವಾಗ ನೋಡಿ ಕೊಳ್ಳಿ. ನಮ್ಮ ಮನೆಯಲ್ಲಿ ಈಗ ಯಾರು ಎಲ್ಲಿಗೆ ಹೊರಟರೂ ಅದು ಮೊದಲು ಬ್ಯಾಗಿಗೆ ಹೋಗುತ್ತದೆ.

ಬುಕ್ ಮಾಡುವ ಮುಂಚೆ ಕರೆಂಟು ಹೋದರೆ ರೂಮು ಬೆಚ್ಚಗಿಡಲು ಏನು ಮಾಡುತ್ತೀರಿ ಅಂತ ಕೇಳಿ. ಬಿಸಿನೀರು ಯಾವುದರಿಂದ, ಗೀಸರ್ ಎಲ್ಲಿದೆ ಅಂತ ಕೇಳಿ. ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಯಾವ ಆಸ್ಪತ್ರೆ, ಎಷ್ಟು ಹೊತ್ತಿನ ದಾರಿ, ಮನೆಯ ಯಾವ ಮೂಲೆಯಲ್ಲಿ ಫೋನ್ ಸಿಗ್ನಲ್ ಸಿಗುತ್ತದೆ, ಇವನ್ನೂ ಕೇಳಿ. ಫೋನಿನಲ್ಲಲ್ಲ, ಮೆಸೇಜಿನಲ್ಲಿ. 'ಬನ್ನಿ ಸಾರ್, ಎಲ್ಲಾ ವ್ಯವಸ್ಥೆ ಇದೆ' ಅಂತ ಮಾತ್ರ ಉತ್ತರ ಬಂದರೆ ಬೇರೆ ಮನೆ ಹುಡುಕಿ.

ದುಡ್ಡು ವಾಪಸ್ ಬರಲಿಲ್ಲ. ನೇರವಾಗಿ ಕಳಿಸಿದ ದುಡ್ಡಿಗೆ ನಾವೇನೂ ಮಾಡಲಾಗದು ಅಂತ ಆ್ಯಪಿನವರು ಹೇಳಿದರು. ಆದರೆ ಅಗ್ಗಿಷ್ಟಿಕೆಯ ದೂರನ್ನು ಬೇರೆಯಾಗಿ ತೆಗೆದುಕೊಂಡರು, ಸುರಕ್ಷತೆಯ ದೂರಿಗೆ ಬೇರೆ ವಿಭಾಗ ಇದೆಯಂತೆ. ರೂಮಿನ ಮೂಲೆಯಲ್ಲಿ ಅದು ಇದ್ದ ಫೋಟೋ, ಆಸ್ಪತ್ರೆಯ ರಕ್ತ ಪರೀಕ್ಷೆಯ ವರದಿ, 'ನೀರು ಫುಲ್ ಇದೆ, ಹೀಟರ್ ಇದೆ' ಅಂದ ಮೆಸೇಜು ಕೇಳಿದರು. ಫೋಟೋ ಇತ್ತು, ವರದಿ ಇತ್ತು. ಮೆಸೇಜು ಇರಲಿಲ್ಲ, ಅವರು ಎಲ್ಲವನ್ನೂ ಬಾಯಲ್ಲೇ ಹೇಳಿದ್ದರು. ಸದ್ಯಕ್ಕೆ ಆ ಜಾಹೀರಾತನ್ನು ಆ್ಯಪಿನಿಂದ ತೆಗೆದಿದ್ದಾರೆ. ಅದೇ ಜಗಲಿ, ಅದೇ ನೀಲಿ ನೀರಿನ ಫೋಟೋ ಬೇರೆ ಹೆಸರಿನಲ್ಲಿ ಇನ್ನೊಂದು ಕಡೆ ಬಂದಿದೆ. ಫೋಟೋವನ್ನು ಇಮೇಜ್ ಸರ್ಚಿಗೆ ಹಾಕಿ ನೋಡಿ, ಒಂದೇ ಮನೆಗೆ ಎರಡು ಹೆಸರು ಸಿಕ್ಕರೆ ಅಲ್ಲಿಗೆ ಹೋಗಬೇಡಿ.