ಕಾಸರಗೋಡಲ್ಲೂ ಲೈವ್ ಮ್ಯೂಸಿಕ್ ಕ್ಲಬ್ ಆಯ್ತು ಮಾರಾಯ್ರೆ, ಬ್ಯಾಂಡ್ ಲಾಯ್ಕ ಉಂಟು, ರೂಮು ಮಾತ್ರ ಕೊಡಪಾನ

ಹೆಸರು ಬರೆಯುದಿಲ್ಲ. ಜಾಗೆ ಹೊಸತು, ನಾನು ಬೈಯುದು ಸ್ವಲ್ಪ ಜಾಸ್ತಿ ಉಂಟು, ಮತ್ತೆ ನಮ್ಮ ಪೇಟೆಯಲ್ಲಿ ಯಾರಿಗೆ ಯಾರು ಸಂಬಂಧ ಅಂತ ಹೇಳ್ಲಿಕ್ಕಾಗುದಿಲ್ಲ. ಒಂದು ಕಟ್ಟಡದ ಎರಡನೇ ಮಾಳಿಗೆ, ಕೆಳಗೆ ಜವಳಿ ಅಂಗಡಿ, ಅಷ್ಟು ಸಾಕು, ಹುಡುಕಿದ್ರೆ ಸಿಗ್ತದೆ.

ಇಷ್ಟು ಕಾಲ ನಮಗೆ ಲೈವ್ ಬ್ಯಾಂಡ್ ಕೇಳ್ಬೇಕಂದ್ರೆ ಎರಡೇ ದಾರಿ, ಒಂದೋ ಜಾತ್ರೆಯ ರಸಮಂಜರಿಗೆ ಕಾಯ್ಬೇಕು, ಇಲ್ಲದಿದ್ರೆ 50 ಕಿಲೋಮೀಟರ್ ಮಂಗಳೂರಿಗೆ ಹೋಗಿ ಮಧ್ಯರಾತ್ರಿ ತಲಪಾಡಿ ಗಡಿ ದಾಟಿ ಆಕಳಿಸ್ತಾ ಬರ್ಬೇಕು. ಹಾಗಾಗಿ ಇದು ಓಪನ್ ಆಗಿದೆ ಅಂತ ಗೊತ್ತಾದ ವಾರವೇ ಭಾವನನ್ನು ಎಬ್ಬಿಸಿಕೊಂಡು ಹೊರಟದ್ದು. ಭಾವ ಊರಿನ ಸಂಘದಲ್ಲಿ ತಾಳಮದ್ದಳೆಗೆ ಚೆಂಡೆ ಬಾರಿಸುವ ಜನ, ಗಿಟಾರು ಕೀಬೋರ್ಡು ಅಂದ್ರೆ ಅವನಿಗೆ ಅಷ್ಟಕ್ಕಷ್ಟೆ, ಆದ್ರೆ ಕುಲುಕ್ಕಿ ಸರ್ಬತ್ (ಕುಲುಕಿ ಮಾಡುವ ಲಿಂಬೆ ಶರಬತ್ತು) ಕೊಡಿಸ್ತೇನೆ ಅಂದದ್ದಕ್ಕೆ ಬಂದ.

ಎಂಟ್ರಿ 300 ರೂಪಾಯಿ, ಅದರಲ್ಲಿ 100 ತಿಂಡಿಯಲ್ಲಿ ಕಳೀತಾರೆ. ಡ್ರಿಂಕ್ಸ್ ಇಲ್ಲ, ಫ್ಯಾಮಿಲಿಯವರು ಸುಮಾರು ಇದ್ರು. ಏಳು ಗಂಟೆಗೆ ಶುರು ಅಂತ ಹಾಕಿದ್ರು, ಶುರುವಾಗುವಾಗ ಎಂಟು ಇಪ್ಪತ್ತು, ಅಲ್ಲಿಯವರೆಗೆ "ಚೆಕ್ ಚೆಕ್ ಮೈಕ್ ಚೆಕ್" ಕೇಳಿ ಕೇಳಿ ಅದೇ ಮೊದಲನೇ ಹಾಡು ಅಂತ ಆಗಿಬಿಟ್ಟಿತ್ತು.

ಬ್ಯಾಂಡಿನವರು ಐದು ಜನ, ಹಾಡುವ ಹುಡುಗಿ, ಗಿಟಾರು, ಬಾಸ್, ಕೀಬೋರ್ಡ್, ಡ್ರಮ್ಸ್. ಒಳ್ಳೆ ಪ್ರಾಕ್ಟೀಸ್ ಮಾಡಿದ ಮಕ್ಕಳು, ಅದರಲ್ಲಿ ಡೌಟಿಲ್ಲ. ಮಲಯಾಳಂ, ತಮಿಳು, ಹಿಂದಿ ಎಲ್ಲ ಆಯ್ತು, ಆದ್ರೆ ನನಗೆ ತಲೆಯಲ್ಲಿ ಉಳಿದದ್ದು ಮಾಪ್ಪಿಳ ಪಾಟ್ಟಿಗೆ, ಅಂದ್ರೆ ಮಲಬಾರಿನ ಮುಸ್ಲಿಮರ ಜನಪದ ಹಾಡಿಗೆ, ಬಾಸ್ ಗಿಟಾರ್ ಸೇರಿಸಿ ಹೊಡೆದದ್ದು. ಡ್ರಮ್ಸಿನವ ಮಧ್ಯದಲ್ಲಿ ಕೋಲು ಕೆಳಗಿಟ್ಟು ಅವರ ಮದುವೆಯ ಒಪ್ಪನ ಕುಣಿತದ ಹಾಗೆ ಚಪ್ಪಾಳೆ ಶುರು ಮಾಡಿದ, ಎರಡು ನಿಮಿಷದಲ್ಲಿ ಇಡೀ ಹಾಲ್ ಚಪ್ಪಾಳೆ, ನಮ್ಮ ಪಕ್ಕದ ಟೇಬಲಿನ ಅಜ್ಜಿ ಒಬ್ರು ಎಲ್ಲರಿಗಿಂತ ಕರೆಕ್ಟ್ ತಾಳ. ಮಂಗಳೂರಲ್ಲಿ ಇದು ಸಿಗುದಿಲ್ಲ ನೋಡಿ.

ಇನ್ನು ಬೈಗಳು. ನೆಲಕ್ಕೆ ಪಳಪಳ ಟೈಲ್ಸ್, ಎರಡು ಬದಿ ಗ್ಲಾಸು, ಕೈ ಎತ್ತಿದ್ರೆ ಮುಟ್ಟುವ ಹಾಗಿನ ಸೀಲಿಂಗು. ಮೊದಲ ಹಾಡು ಮುಗಿಯುವ ಮೊದಲೇ ಭಾವ ನನ್ನ ಕಿವಿಯ ಹತ್ರ ಬಂದು "ಎಂತದು ಭಾವ ಇದು, ಕೊಡಪಾನದೊಳಗೆ ತಲೆ ಹಾಕಿದ ಹಾಗೆ ಆಗ್ತದಲ್ಲ" ಅಂದ. ಬ್ರೇಕಿನಲ್ಲಿ ಎದ್ದು ಹೋಗಿ ಮೂಲೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದ, ಟಣ್ ಟಣ್ ಟಣ್ ಅಂತ ಗ್ಲಾಸಿಂದ ಗ್ಲಾಸಿಗೆ ಹೊಡೆದು ವಾಪಸ್ ಬಂತು. ವೈಟರ್ ಬಿಲ್ ಬೇಕಾ ಅಂತ ಓಡಿ ಬಂದ, ಪಾಪ. ಚೆಂಡೆಯ ಪೆಟ್ಟು ಬಯಲಿಗೆ ಹೋದ್ರೆ ಹೋಯ್ತು, ತಿರುಗಿ ಬರುದಿಲ್ಲ, ಅದಕ್ಕೇ ಗದ್ದೆಯಲ್ಲಿ ಯಕ್ಷಗಾನ ಆಟ ಆಗುವಾಗ ಒಂದೊಂದು ಪೆಟ್ಟೂ ಬಿಡಿಬಿಡಿ ಕೇಳ್ತದೆ, ಇಲ್ಲಿ ಹೋದದ್ದೂ ಬಂದದ್ದೂ ಒಂದರ ಮೇಲೊಂದು ಬಿದ್ದು ಹಾಡಿನ ಒಂದು ಶಬ್ದ ಅರ್ಥ ಆಗುದಿಲ್ಲ ಅಂತ ಅವನ ಲೆಕ್ಕ. ದಪ್ಪ ಪರದೆ ನಾಲ್ಕು, ಸ್ಟೇಜಿಗೊಂದು ಕಾರ್ಪೆಟ್ ಹಾಕಿದ್ರೆ ಅರ್ಧ ಸಮಸ್ಯೆ ಅಲ್ಲೇ ಹೋಗ್ತದೆ, ಪರದೆ ಬಟ್ಟೆ ಬೇಕಾದ್ರೆ ಕೆಳಗಿನ ಅಂಗಡಿಯಲ್ಲೇ ಉಂಟು.

ಅದಕ್ಕಿಂತ ದೊಡ್ಡ ತಮಾಷೆ, ಶಬ್ದ ಹದ ಮಾಡುವ ಮಿಕ್ಸರಿನವನನ್ನು ಸ್ಟೇಜಿನ ಪಕ್ಕ ಒಂದು ಕಂಬದ ಹಿಂದೆ ಕೂರಿಸಿದ್ದಾರೆ. ಜನರಿಗೆ ಕೇಳುದು ಅವನಿಗೆ ಕೇಳುದೇ ಇಲ್ಲ, ಮತ್ತೆ ಅವ ಎಂತ ಸರಿ ಮಾಡ್ಲಿಕ್ಕುಂಟು? ಹುಡುಗಿ ಮೈಕ್ ಹಿಡ್ಕೊಂಡು ಸ್ಪೀಕರಿನ ಮುಂದೆ ಬಂದಾಗೆಲ್ಲ ಕುಂಯ್ಯೋ ಅಂತ, ಸ್ಪೀಕರಿನ ಶಬ್ದ ಮೈಕಿಗೆ, ಮೈಕಿಂದು ಪುನಃ ಸ್ಪೀಕರಿಗೆ, ಒಟ್ಟು ನಾಲ್ಕು ಸಲ. ಫೋನಲ್ಲಿ ಶಬ್ದ ಅಳೆಯುವ ಆ್ಯಪ್ ಹಾಕಿ ನೋಡಿದೆ, ನಮ್ಮ ಟೇಬಲಲ್ಲಿ 97 ಡೆಸಿಬೆಲ್. ಫೋನಿನ ಲೆಕ್ಕ ನೂರಕ್ಕೆ ನೂರು ನಂಬ್ಬೇಕಂತಿಲ್ಲ, ಆದ್ರೂ ಕಿವಿ ಹಾಳಾಗದ ಹಾಗೆ 85ರಲ್ಲಿ ದಿನಕ್ಕೆ ಎಂಟು ಗಂಟೆ ಇರ್ಬಹುದು, ಪ್ರತಿ 3 ಡೆಸಿಬೆಲ್ ಏರಿದ ಹಾಗೆ ಟೈಮ್ ಅರ್ಧ ಆಗ್ತಾ ಬರ್ತದೆ, ಹಾಗೆ ನೋಡಿದ್ರೆ 97ಕ್ಕೆ ಬರೇ ಅರ್ಧ ಗಂಟೆ. ನಾವು ಹಾಡು ಕೇಳ್ತಾ ಕೂತದ್ದು ಒಂದೂವರೆ ಗಂಟೆಗಿಂತ ಜಾಸ್ತಿ. ಮರುದಿನ ಮಧ್ಯಾಹ್ನದವರೆಗೆ ನನ್ನ ಕಿವಿಯಲ್ಲಿ ಜೀರುಂಡೆ.

ಕಲ್ಲುಮ್ಮಕ್ಕಾಯಿ (ಕಡಲ ಚಿಪ್ಪು) ಫ್ರೈ ಸೂಪರ್, ಮಸಾಲೆ ಸರೀ ಹಿಡಿದಿತ್ತು. ಕುಲುಕ್ಕಿ ಸರ್ಬತ್ ಬರೇ ನೀರು. ಅವಿಲ್ ಮಿಲ್ಕ್ (ಅವಲಕ್ಕಿ ಹಾಕಿದ ಹಾಲು) ಮೆನುವಿನಲ್ಲಿ ಮಾತ್ರ.

ಕನ್ನಡ ಹಾಡು ಒಂದೂ ಇಲ್ಲದ್ದು ಕಂಡು ನಾನು ಟಿಶ್ಯೂ ಪೇಪರಲ್ಲಿ ಬರೆದು ಕಳಿಸಿದೆ. ಹುಡುಗಿ ಮೈಕಲ್ಲೇ "ಕನ್ನಡ ಅರಿಯಿಲ್ಲಲ್ಲೋ ಚೇಟ್ಟಾ" (ಕನ್ನಡ ಗೊತ್ತಿಲ್ಲವಲ್ಲ ಅಣ್ಣ) ಅಂತ ನಗಾಡಿದ್ಳು. ಸರಿ, ಸಪ್ತಭಾಷೆಯ ಊರು ಅಂತ ಭಾಷಣ ಮಾಡುದು ಬೇರೆ, ಸ್ಟೇಜಿಗೆ ಬರುವಾಗ ಏಳರಲ್ಲಿ ಕನ್ನಡ ತುಳು ಕೊಂಕಣಿ ಎಲ್ಲ ಬಾಗಿಲ ಹೊರಗೆ ಅಂತ ನಾನು ಗೊಣಗ್ತಾ ಇರುವಾಗ ಬಾಸ್ ಬಾರಿಸುವ ಹುಡುಗ ಮುಂದೆ ಬಂದ. ನಮ್ಮ ಜಿಲ್ಲೆಯದ್ದೇ ಕನ್ನಡದವರಿರುವ ಬದಿಯಡ್ಕ ಕಡೆಯವನಂತೆ. ಒಂದು ಹಳೇ ಸಿನೆಮಾ ಹಾಡು ಎತ್ತಿದ, ಬರೇ ಬಾಸ್ ಮತ್ತೆ ಅವನ ಸ್ವರ, ಉಳಿದವರಿಗೆ ಹಾಡು ಗೊತ್ತಿಲ್ಲ. ಪಲ್ಲವಿ ಭಾರಿ ಚಂದ ಹಾಡಿದ, ಎರಡನೇ ಚರಣಕ್ಕೆ ಬರುವಾಗ ಸಾಹಿತ್ಯ ಮರ್ತು ಬ್ಬೆಬ್ಬೆ ಅಂದ, ನಾವು ಮೂರು ಟೇಬಲಿನವರು ಸೇರಿ ಹೇಳಿಕೊಟ್ಟೆವು, ಭಾವ ಟೇಬಲಿಗೆ ಬೆರಳಲ್ಲಿ ಚೆಂಡೆ. ಶ್ರುತಿ ಯಾವ ಕಡೆ ಹೋಯ್ತೋ ಕೇಳ್ಬೇಡಿ. ಆದ್ರೆ ಶಬ್ದ ಶಬ್ದ ಸ್ಪಷ್ಟ ಕೇಳಿದ್ದು ಆ ರಾತ್ರಿ ಅದೊಂದೇ ಹಾಡು.

ಹತ್ತು ಗಂಟೆಗೆ ಕರೆಕ್ಟಾಗಿ ಮುಗಿಸಿದ್ರು. ಹೈವೇ ಆರು ಲೇನ್ ಆದ್ಮೇಲೆ ನಮಗೆ ಎಲ್ಲಿ ಸರ್ವಿಸ್ ರೋಡಿಗೆ ಇಳಿಯುದು ಅಂತ ಇನ್ನೂ ಅಭ್ಯಾಸ ಆಗ್ಲಿಲ್ಲ, ಮುಂದೆ ಹೋಗಿ ತಿರುಗಿ ಬಂದು ಮನೆ ಸೇರುವಾಗ ಹನ್ನೊಂದು.

ಐದರಲ್ಲಿ ಮೂರು ಸ್ಟಾರ್, ಅದರಲ್ಲಿ ಎರಡೂವರೆ ಬ್ಯಾಂಡಿನವರಿಗೆ. ಪರದೆ ಹಾಕಿದ್ರು ಅಂತ ಗೊತ್ತಾದ್ರೆ ಇನ್ನೊಮ್ಮೆ ಹೋಗ್ತೇನೆ. ಹೋಗುವವರು ಸ್ಪೀಕರಿನ ಎದುರು ಕೂರ್ಬೇಡಿ, ಬಾಗಿಲ ಹತ್ರದ ಟೇಬಲ್ ಕೇಳಿ, ಕನ್ನಡ ಹಾಡು ಬೇಕಾದ್ರೆ ಸಾಹಿತ್ಯ ಫೋನಲ್ಲಿ ತೆಗೆದಿಟ್ಕೊಳ್ಳಿ, ಆ ಹುಡುಗನಿಗೆ ಎರಡನೇ ಚರಣ ಬರುದಿಲ್ಲ.