ಫೆರೆಟ್‌ನ ಬಾಲ ಬೋಳಾಗ್ತಿದ್ದರೆ ಶಾಂಪೂ ತಗೊಂಡು ಸುಮ್ನೆ ಮನೆಗೆ ಬರಬೇಡಿ

ಸಂತಾನಹರಣ ಆಪರೇಷನ್ ಆಗಿರುವ, ಮೂರು ವರ್ಷ ದಾಟಿದ ಫೆರೆಟ್ (ಮುಂಗುಸಿಯಂತೆ ಕಾಣುವ ಉದ್ದ ಮೈಯ ಸಾಕುಪ್ರಾಣಿ) ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಬಾಲ ಬೋಳಾಗಲು ಕಾರಣ ಚರ್ಮವಲ್ಲ, ಅಡ್ರಿನಲ್ ಗ್ರಂಥಿಯ ಕಾಯಿಲೆ ಇರಬಹುದು.

ನಮ್ಮ ಚಿಂಟುಗೆ ಶುರುವಾಗಿದ್ದು ಬಾಲದ ಬುಡದಲ್ಲಿ. ಮೊದಲು ಕೂದಲು ತೆಳುವಾಯಿತು, ಆಮೇಲೆ ಪೂರ್ತಿ ಹೋಯಿತು. ಬೋಳು ಹಾಗೇ ಸೊಂಟದ ಕಡೆ ಹಬ್ಬಿತು, ಎಡಕ್ಕೂ ಬಲಕ್ಕೂ ಒಂದೇ ಸಮ. ಗಾಯವಿಲ್ಲ, ಹೊಟ್ಟಿಲ್ಲ, ಆದರೆ ತುರಿಕೆ ವಿಪರೀತ. ಗಾಢ ನಿದ್ದೆಯಲ್ಲಿದ್ದವನು ದಡಬಡ ಎದ್ದು ಹಿಂಗಾಲಿನಿಂದ ಹೆಗಲು ಕೆರೆದುಕೊಳ್ಳುತ್ತಿದ್ದ. ಕೆರೆಯುತ್ತಾ ಕೆರೆಯುತ್ತಾ ಹಾಗೇ ನಿದ್ದೆಗೆ ಜಾರುತ್ತಿದ್ದ.

ನಾವು ತೋರಿಸಿದ ಕ್ಲಿನಿಕ್‌ಗೆ ಬರುವುದು ನಾಯಿ, ಬೆಕ್ಕುಗಳೇ ಜಾಸ್ತಿ. ನೋಡಿದ ಕೂಡಲೇ 'ಚರ್ಮದಲ್ಲಿ ಹುಳ ಆಗಿದೆ' ಅಂದರು. ಚರ್ಮ ಕೆರೆದು ಮೈಕ್ರೋಸ್ಕೋಪ್‌ನಲ್ಲಿ ನೋಡಲಿಲ್ಲ. ಆಪರೇಷನ್ ಆಗಿದೆಯಾ, ವಯಸ್ಸೆಷ್ಟು ಅಂತ ಕೇಳಲೂ ಇಲ್ಲ. ಔಷಧಿ ಶಾಂಪೂ ಬರೆದುಕೊಟ್ಟರು. ಕೆಲವು ತಿಂಗಳಲ್ಲಿ ಕೂದಲು ನಿಜಕ್ಕೂ ವಾಪಸ್ ಬಂತು. ಗುಣವಾಯಿತು ಅಂತ ಕಳಿಸಿಬಿಟ್ಟರು.

ಎಲ್ಲರೂ ಮೋಸ ಹೋಗುವುದು ಇಲ್ಲೇ. ಈ ಕಾಯಿಲೆಯಲ್ಲಿ ಮೊದಲ ಸಲ ಉದುರಿದ ಕೂದಲು ಋತು ಬದಲಾದಾಗ ತಾನಾಗೇ ಬರುವುದುಂಟು. ಶಾಂಪೂಗೂ ಅದಕ್ಕೂ ಸಂಬಂಧವೇ ಇಲ್ಲ. ಮುಂದಿನ ವರ್ಷ ಮತ್ತೆ ಉದುರಿತು, ಇನ್ನೂ ಜಾಸ್ತಿ. ಕ್ಲಿನಿಕ್‌ನವರು ಮತ್ತೆ ಅದೇ ಶಾಂಪೂ ಕೊಟ್ಟರು. ಅಷ್ಟರಲ್ಲಿ ಒಂದು ದಿನ ಚಿಂಟು ಮೂಲೆಯಲ್ಲಿ ಬೆನ್ನು ಬಾಗಿಸಿ ನಿಂತು ಉಚ್ಚೆಗೆ ತಿಣುಕುತ್ತಿದ್ದ. ಬರುತ್ತಿದ್ದದ್ದು ಒಂದೊಂದೇ ಹನಿ. ಹೊಟ್ಟೆ ಕಲ್ಲಿನ ಹಾಗೆ ಗಟ್ಟಿ.

ಫೆರೆಟ್‌ಗಳನ್ನು ನೋಡಿ ಅನುಭವವಿದ್ದ ಬೇರೆ ಡಾಕ್ಟರ ಹತ್ತಿರ ಓಡಿದೆವು. ಅವರು ಮೊದಲು ಕೊಳವೆ ಹಾಕಿ ಮೂತ್ರ ತೆಗೆದರು, ಆಮೇಲೆ ಸ್ಕ್ಯಾನ್ ಮಾಡಿದರು. ಕಾಯಿಲೆ ಇದ್ದದ್ದು ಚರ್ಮದಲ್ಲಲ್ಲ, ಕಿಡ್ನಿ ಪಕ್ಕದ ಅಡ್ರಿನಲ್ ಗ್ರಂಥಿಯಲ್ಲಿ. ಬೀಜ ಅಥವಾ ಅಂಡಾಶಯ ತೆಗೆದ ಮೇಲೆ, ಮಿದುಳಿನಿಂದ ಬರುವ ಹಾರ್ಮೋನಿಗೆ 'ಇನ್ನು ಸಾಕು' ಅನ್ನುವವರೇ ಇರುವುದಿಲ್ಲ. ಅದು ವರ್ಷಗಟ್ಟಲೆ ಅಡ್ರಿನಲ್ ಗ್ರಂಥಿಯನ್ನೇ ಕೆಣಕುತ್ತದೆ. ಗ್ರಂಥಿ ಊದುತ್ತದೆ, ಕೆಲವೊಮ್ಮೆ ಗಡ್ಡೆಯಾಗುತ್ತದೆ, ಲೈಂಗಿಕ ಹಾರ್ಮೋನುಗಳನ್ನು ಬೇಕಾಬಿಟ್ಟಿ ಸುರಿಸುತ್ತದೆ. ಕೂದಲು ಉದುರುವುದು, ತುರಿಕೆ ಎರಡೂ ಅದರಿಂದಲೇ. ಹೆಣ್ಣಿಗೆ ಆಪರೇಷನ್ ಆಗಿದ್ದರೂ ಯೋನಿ ಊದಿಕೊಳ್ಳುತ್ತದೆ. ಗಂಡಿಗೆ ಮೂತ್ರನಾಳದ ಸುತ್ತ ಇರುವ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ಮೂತ್ರದ ದಾರಿ ಕಟ್ಟುತ್ತದೆ.

ಇನ್ನೊಂದು ವಿಷಯ. ನಾಯಿಗಳಲ್ಲಿ ಅಡ್ರಿನಲ್ ಕಾಯಿಲೆಗೆ ಕಾರ್ಟಿಸೋಲ್ (ಅದೇ ಗ್ರಂಥಿಯ ಇನ್ನೊಂದು ಹಾರ್ಮೋನು) ಪರೀಕ್ಷೆ ಮಾಡುತ್ತಾರೆ. ಫೆರೆಟ್‌ಗಳಲ್ಲಿ ಕಾರ್ಟಿಸೋಲ್ ಸಾಮಾನ್ಯವಾಗಿ ಏರುವುದೇ ಇಲ್ಲ. ಹಾಗಾಗಿ ಆ ಒಂದು ರಿಪೋರ್ಟ್ ನಾರ್ಮಲ್ ಬಂತು ಅಂದರೆ ನಂಬಿ ಕೂರಬೇಡಿ. ಸ್ಕ್ಯಾನ್ ಮಾಡಿಸಿ, ಲೈಂಗಿಕ ಹಾರ್ಮೋನುಗಳ ಪರೀಕ್ಷೆ ಸಿಗುತ್ತದಾ ಕೇಳಿ.

ಚಿಂಟುಗೆ ಚರ್ಮದಡಿ ಡೆಸ್ಲೋರೆಲಿನ್ ಇಂಪ್ಲಾಂಟ್ ಹಾಕಿದರು, ಅಂದರೆ ನಿಧಾನವಾಗಿ ಔಷಧಿ ಬಿಡುವ ಪುಟ್ಟ ಕಡ್ಡಿ. ತುರಿಕೆ ನಿಂತಿತು, ನಿಧಾನವಾಗಿ ತುಪ್ಪಳವೂ ಬಂತು. ಆದರೆ ಅದು ಹಾರ್ಮೋನನ್ನು ಹತೋಟಿಯಲ್ಲಿಡುತ್ತದೆ ಅಷ್ಟೇ, ಗಡ್ಡೆ ಇದ್ದರೆ ತೆಗೆಯುವುದಿಲ್ಲ. ಅದರ ಶಕ್ತಿ ಮುಗಿದಾಗ ಮತ್ತೆ ಹಾಕಿಸಬೇಕು. ಸರ್ಜರಿಯೂ ಒಂದು ದಾರಿ. ಬಲಗಡೆಯ ಗ್ರಂಥಿ ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿರುವುದರಿಂದ ಅದರ ಸರ್ಜರಿ ತುಂಬಾ ಕಷ್ಟ.

ತುರಿಕೆಯೆಲ್ಲ ಅಡ್ರಿನಲ್‌ನಿಂದಲೇ ಅಂತ ಹೇಳುತ್ತಿಲ್ಲ. ಚಿಗಟ, ಕಜ್ಜಿ ಹುಳ, ಕಿವಿ ಹುಳ ಇವೂ ಬರುತ್ತವೆ. ಕಪ್ಪು ಹಕ್ಕಳೆ ಕಟ್ಟುವ ಸಣ್ಣ ಗಂಟು ಕಂಡರೆ ಅದು ಬೇರೆ ಗಡ್ಡೆ ಇರಬಹುದು, ತೋರಿಸಿ. ವಸಂತದಲ್ಲಿ, ಚಳಿಗಾಲಕ್ಕೆ ಮುಂಚೆ ಕೂದಲು ಉದುರುವುದು ಸಹಜ, ಆದರೆ ಆಗ ಮೈ ಹೀಗೆ ಬೋಳಾಗುವುದಿಲ್ಲ. 'ಹುಳ' ಅಂದರೆ ಚರ್ಮದ ಪರೀಕ್ಷೆ ಮಾಡಿ ತೋರಿಸಿ ಅಂತ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಗಂಡು ಫೆರೆಟ್ ಉಚ್ಚೆಗೆ ತಿಣುಕುತ್ತಿದ್ದರೆ ಮಾತ್ರ ಬೆಳಗಾಗಲಿ ಅಂತ ಕಾಯಲೇಬೇಡಿ. ಮೂತ್ರ ಪೂರ್ತಿ ಕಟ್ಟಿದರೆ ಪ್ರಾಣಕ್ಕೇ ಅಪಾಯ. ರಾತ್ರಿ ತೆರೆದಿರುವ, ಫೆರೆಟ್ ನೋಡುವ ಆಸ್ಪತ್ರೆ ಯಾವುದು ಅಂತ ಇವತ್ತೇ ವಿಚಾರಿಸಿ ನಂಬರ್ ಇಟ್ಟುಕೊಳ್ಳಿ.