ಅಡ್ರಿನಲ್ ಗಡ್ಡೆಯ ಹಾರ್ಮೋನ್ ಪರೀಕ್ಷೆ: ವರದಿ ಚೆನ್ನ, ಮಾಹಿತಿ ಕಡಿಮೆ

ಬಲ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಸುಮಾರು 4 ಸೆಂಟಿಮೀಟರಿನ ಗಡ್ಡೆಯೊಂದು ಸಿ.ಟಿ. ಸ್ಕ್ಯಾನಿನಲ್ಲಿ ಕಂಡುಬಂದ ಮೇಲೆ, ಹಾರ್ಮೋನ್ ತಜ್ಞರು ನಮ್ಮ ಭಾವನವರಿಗೆ ಎರಡು ಪರೀಕ್ಷೆಗಳನ್ನು ಬರೆದುಕೊಟ್ಟರು: 24 ಗಂಟೆಯ ಮೂತ್ರದಲ್ಲಿ ಮೆಟಾನೆಫ್ರಿನ್ (ಅಡ್ರಿನಲಿನ್‌ನಂಥ ಹಾರ್ಮೋನುಗಳು ಮಾರ್ಪಟ್ಟು ಆಗುವ ವಸ್ತು) ಎಷ್ಟಿದೆ ಎಂಬುದು ಒಂದು, ರಕ್ತದ ಪ್ಲಾಸ್ಮಾದಲ್ಲಿ ಎಷ್ಟಿದೆ ಎಂಬುದು ಇನ್ನೊಂದು. ತಲೆನೋವು, ಬೆವರು, ಎದೆಬಡಿತ ಮೂರೂ ಒಟ್ಟಿಗೇ ಬಂದು, ಬಿ.ಪಿ. ಜೋರಾಗಿ ಏರಿ ತಾನಾಗಿಯೇ ಇಳಿಯುತ್ತಿದ್ದುದರಿಂದ ಇದು ಫಿಯೋಕ್ರೋಮೋಸೈಟೋಮಾ, ಅಂದರೆ ಅಡ್ರಿನಲಿನ್‌ನಂಥ ಹಾರ್ಮೋನುಗಳನ್ನು ಸುರಿಸುವ ಅಡ್ರಿನಲ್ ಗಡ್ಡೆ, ಇರಬಹುದೆಂಬ ಅನುಮಾನ ವೈದ್ಯರಿಗಿತ್ತು. ಬೆಂಗಳೂರಿನ ದಕ್ಷಿಣ ಭಾಗದ ಒಂದು ಡಯಾಗ್ನೋಸ್ಟಿಕ್ ಸೆಂಟರಿನಲ್ಲಿ ಇವೆರಡನ್ನೂ ಮಾಡಿಸಿದೆವು. ಅಲ್ಲಿಗೆ ಹೋಗಬೇಕೆಂದಿರುವವರಿಗೆ ಉಪಯೋಗವಾದೀತೆಂದು ಈ ವಿಮರ್ಶೆ.

ಈ ಗಡ್ಡೆ ಅಡ್ರಿನಲಿನ್, ನಾರ್‌ಅಡ್ರಿನಲಿನ್‌ಗಳನ್ನು ರಕ್ತಕ್ಕೆ ಬಿಡುವುದು ಆಗೊಮ್ಮೆ ಈಗೊಮ್ಮೆ. ಆದರೆ ಗಡ್ಡೆಯ ಕೋಶಗಳ ಒಳಗೇ ಅವು ಮೆಟಾನೆಫ್ರಿನ್‌ಗಳಾಗಿ ಮಾರ್ಪಟ್ಟು ಸದಾ ಸೋರುತ್ತಿರುವುದರಿಂದ, ಬಿ.ಪಿ. ಏರಿಲ್ಲದ ದಿನವೂ ಈ ಪರೀಕ್ಷೆ ಸುಳಿವು ಕೊಡುತ್ತದೆ. ಕೌಂಟರಿನಲ್ಲಿ ಇದೇ ಗಡ್ಡೆಯನ್ನು ಪತ್ತೆಹಚ್ಚಲು ಮಾಡುತ್ತಿದ್ದ ಹಳೆಯ ಕಾಲದ ವಿ.ಎಂ.ಎ. ಎಂಬ ಮೂತ್ರ ಪರೀಕ್ಷೆಯೂ ಸೇರಿದ ಪ್ಯಾಕೇಜೊಂದನ್ನು ಮುಂದಿಟ್ಟರು. ವೈದ್ಯರ ಚೀಟಿಯಲ್ಲಿ ಅದಿಲ್ಲ, ಬೇಡ ಎಂದಾಗ ಒತ್ತಾಯಿಸಲಿಲ್ಲ ಎಂಬುದನ್ನು ಅವರ ಪರವಾಗಿ ಹೇಳಲೇಬೇಕು.

ಮೂತ್ರ ಸಂಗ್ರಹಿಸಲು ಕೊಟ್ಟದ್ದು ಬಿಗಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಕ್ಯಾನ್. ಅದರ ತಳದಲ್ಲಿ ಮಾದರಿ ಕೆಡದಂತೆ ಸ್ವಲ್ಪ ಹೈಡ್ರೋಕ್ಲೋರಿಕ್ ಆಮ್ಲ ಹಾಕಿರುತ್ತಾರೆ. ನೋಡಿದರೆ ನೀರಿನಂತೆಯೇ ಕಾಣುವ ಇದನ್ನು ಯಾರಾದರೂ ಖಾಲಿ ಕ್ಯಾನಿನಲ್ಲಿ ಉಳಿದ ನೀರೆಂದು ಚೆಲ್ಲಿ ತೊಳೆದಿಟ್ಟರೆ ಆಶ್ಚರ್ಯವಿಲ್ಲ, ಏಕೆಂದರೆ ಎಚ್ಚರಿಕೆಯ ಮಾತು ಇಂಗ್ಲಿಷಿನಲ್ಲಿ, ಅದೂ ಇರುವೆಗಾತ್ರದ ಅಕ್ಷರಗಳಲ್ಲಿ ಮಾತ್ರ ಇತ್ತು. ನೇರವಾಗಿ ಕ್ಯಾನಿಗೆ ಮೂತ್ರ ಮಾಡದೆ, ಮಗ್ಗಿನಲ್ಲಿ ಹಿಡಿದು ನಿಧಾನವಾಗಿ ಸುರಿಯಬೇಕು. ಮೊದಲ ದಿನ ಬೆಳಿಗ್ಗೆಯ ಮೊದಲ ಮೂತ್ರವನ್ನು ಬಿಟ್ಟು ಗಡಿಯಾರ ನೋಡಿಕೊಂಡು, ಮರುದಿನ ಅದೇ ಹೊತ್ತಿನ ಮೂತ್ರದವರೆಗೆ ಒಂದು ಸಲವೂ ತಪ್ಪದಂತೆ ಸೇರಿಸಿ, ಕ್ಯಾನನ್ನು ತಂಪಾದ ಕಡೆ ಇಡಬೇಕು. ಇವಿಷ್ಟನ್ನೂ ಅಲ್ಲಿನ ಸಿಬ್ಬಂದಿ ಬಾಯಿಮಾತಿನಲ್ಲಿ ಸರಿಯಾಗಿಯೇ ಹೇಳಿದರು.

ಎಡವಟ್ಟಾಗಿದ್ದು ಕೈಗೆ ಕೊಟ್ಟ ಜೆರಾಕ್ಸ್ ಚೀಟಿಯಲ್ಲಿ. ಬಾಳೆಹಣ್ಣು, ಅನಾನಸ್, ಟೊಮೆಟೊ, ಅಕ್ರೋಟು ತಿನ್ನಬಾರದೆಂದು ಅದರಲ್ಲಿತ್ತು. ಅದು 5-ಎಚ್.ಐ.ಎ.ಎ. ಪರೀಕ್ಷೆಯ ಚೀಟಿ. ಕರುಳಿನಂಥ ಕಡೆ ಹುಟ್ಟಿ ಸೆರೊಟೋನಿನ್ ಸುರಿಸುವ ಕಾರ್ಸಿನಾಯ್ಡ್ ಎಂಬ ಬೇರೆಯೇ ಜಾತಿಯ ಗಡ್ಡೆಗಳಿಗೆ ಮಾಡುವ ಪರೀಕ್ಷೆ ಅದು. ಎರಡಕ್ಕೂ 24 ಗಂಟೆಯ ಮೂತ್ರ, ಎರಡಕ್ಕೂ ಆಮ್ಲ ಹಾಕಿದ ಕ್ಯಾನ್, ಹಾಗಾಗಿ ಚೀಟಿಯೂ ಒಂದೇ ಎಂದುಕೊಂಡಿದ್ದರೋ ಏನೋ. ನಮ್ಮ ಪರೀಕ್ಷೆಗೆ ಮುಖ್ಯವಾಗಿ ಕೇಳಬೇಕಾದದ್ದು ಔಷಧಿಗಳ ವಿಷಯ. ತಲೆನೋವಿಗೂ ನಿದ್ದೆಗೂ ಹಲವರು ತೆಗೆದುಕೊಳ್ಳುವ ಅಮಿಟ್ರಿಪ್ಟಿಲಿನ್, ಮೂಗು ಕಟ್ಟಿದಾಗ ನುಂಗುವ ಸೂಡೋಎಫೆಡ್ರಿನ್ ಮಾತ್ರೆ ಮುಂತಾದವು ಗಡ್ಡೆಯಿಲ್ಲದವರಲ್ಲೂ ಅಂಕಿಯನ್ನು ಏರಿಸಬಲ್ಲವು. ಆ ಪ್ರಶ್ನೆಯೇ ಅವರ ಅರ್ಜಿಯಲ್ಲಿರಲಿಲ್ಲ. ನಮ್ಮ ವೈದ್ಯರು ಅಮಿಟ್ರಿಪ್ಟಿಲಿನನ್ನು ಮೊದಲೇ ಹಂತಹಂತವಾಗಿ ನಿಲ್ಲಿಸಿದ್ದರಿಂದ ತೊಂದರೆಯಾಗಲಿಲ್ಲ.

ರಕ್ತ ತೆಗೆಯುವಾಗಲೂ ಹೀಗೆಯೇ ಆಯಿತು. ಕುಳಿತಾಗ, ನಿಂತಾಗ ಸಹಜವಾಗಿಯೇ ನಾರ್‌ಮೆಟಾನೆಫ್ರಿನ್ (ನಾರ್‌ಅಡ್ರಿನಲಿನ್‌ನಿಂದ ಆಗುವ ಮೆಟಾನೆಫ್ರಿನ್) ಹೆಚ್ಚುವುದರಿಂದ ಅರ್ಧ ಗಂಟೆಯಷ್ಟು ಅಂಗಾತ ಮಲಗಿಸಿ, ಮಲಗಿದ ಭಂಗಿಯಲ್ಲೇ ರಕ್ತ ತೆಗೆಯುವುದು ಕ್ರಮ. ಟೆಕ್ನಿಷಿಯನ್ ಮಾತ್ರ ಕುರ್ಚಿಯಲ್ಲಿ ಕೂರಿಸಿ ತೋಳಿಗೆ ಪಟ್ಟಿ ಬಿಗಿಯತೊಡಗಿದರು. "ಸಾರ್, ಮಲಗಿಸಿ ತೆಗೀಬೇಕು ಅಂತ ಡಾಕ್ಟ್ರು ಬರೆದಿದ್ದಾರೆ" ಎಂದು ಅಕ್ಕ ಚೀಟಿ ತೋರಿಸಿದ ಮೇಲೆ ಇ.ಸಿ.ಜಿ. ಕೋಣೆಯ ಮಂಚ ಬಿಟ್ಟುಕೊಟ್ಟರು. ಕೇಳದಿದ್ದವರ ಗತಿಯೇನು ಎಂಬ ಪ್ರಶ್ನೆ ಉಳಿಯುತ್ತದೆ.

ಇನ್ನು ವರದಿ. ಹೇಳಿದ ದಿನಕ್ಕಿಂತ ತಡವಾಗಿ ಬಂದರೂ ಗುಣಮಟ್ಟದಲ್ಲಿ ಕೊರತೆಯಿರಲಿಲ್ಲ. ಎಲ್.ಸಿ.-ಎಂ.ಎಸ್./ಎಂ.ಎಸ್. (ಅಣುಗಳನ್ನು ಬೇರ್ಪಡಿಸಿ ತೂಕದಿಂದ ಗುರುತಿಸುವ) ವಿಧಾನವೆಂದು ಸ್ಪಷ್ಟವಾಗಿ ಬರೆದಿತ್ತು. ಬೇರೆ ಕೆಲವು ವಿಧಾನಗಳಲ್ಲಿ ಪ್ಯಾರಾಸಿಟಮಾಲ್ ಕೂಡ ಲೆಕ್ಕ ಕೆಡಿಸುತ್ತದೆ, ಇದರಲ್ಲಿ ಆ ಭಯ ಕಡಿಮೆ. ಮೂತ್ರದ ಒಟ್ಟು ಪ್ರಮಾಣವನ್ನೂ, ಸಂಗ್ರಹ ಪೂರ್ತಿಯಾಗಿದೆಯೇ ಎಂದು ತಿಳಿಯಲು ಕ್ರಿಯಾಟಿನಿನ್ ಅನ್ನೂ ಕೊಟ್ಟಿದ್ದರು. ಭಾವನವರ ಅಂಕಿ ಮಿತಿಗಿಂತ ಹಲವು ಪಟ್ಟು ಹೆಚ್ಚಿದ್ದುದರಿಂದ ವೈದ್ಯರಿಗೆ ಅನುಮಾನವೇ ಉಳಿಯಲಿಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ಬಿ.ಪಿ.ಯನ್ನು ಹತೋಟಿಗೆ ತರಲು ಮೊದಲು ರಕ್ತನಾಳಗಳನ್ನು ಸಡಿಲಿಸುವ ಆಲ್ಫಾ ಬ್ಲಾಕರ್ ಮಾತ್ರೆ ಶುರುಮಾಡಿದರು. ಈ ಗಡ್ಡೆಯಲ್ಲಿ ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರನ್ನು ಮೊದಲು ಕೊಟ್ಟರೆ ಬಿ.ಪಿ. ಇನ್ನಷ್ಟು ಏರುವ ಅಪಾಯವಿದೆ. ಆದರೆ ಮಿತಿಯನ್ನು ಅಲ್ಪಸ್ವಲ್ಪ ದಾಟಿದ ಅಂಕಿಗಳು ಹೆಚ್ಚಾಗಿ ಹುಸಿಯಾಗಿರುತ್ತವೆ. ಅಂಥವರಿಗೂ ಬರೀ ಕೆಂಪಕ್ಷರದ 'ಹೈ' ಎಂಬ ಗುರುತು ಹಾಕಿ ಕಳುಹಿಸುವುದು ಅನಾವಶ್ಯಕ ದಿಗಿಲು. ಒಂದು ಸಾಲಿನ ವಿವರಣೆ ಇದ್ದಿದ್ದರೆ ಸಾಕಿತ್ತು.

ಪರೀಕ್ಷೆಯ ಮಟ್ಟಿಗೆ ಈ ಕೇಂದ್ರವನ್ನು ನಾನು ಶಿಫಾರಸು ಮಾಡುತ್ತೇನೆ, ಮಾಹಿತಿಯ ಮಟ್ಟಿಗೆ ಇಲ್ಲ. ಸೂಚನೆಗಳನ್ನು ವೈದ್ಯರ ಕೈಯಲ್ಲೇ ಬರೆಸಿಕೊಂಡು ಹೋಗಿ, ಮಂಚ ಬೇಕೆಂದು ಫೋನಿನಲ್ಲೇ ಹೇಳಿಡಿ. ಭಾನುವಾರ ಅಲ್ಲಿ ಕ್ಯಾನ್ ಪಡೆದುಕೊಳ್ಳುವವರಿರುವುದಿಲ್ಲವಾದ್ದರಿಂದ ಶನಿವಾರ ಬೆಳಿಗ್ಗೆ ಸಂಗ್ರಹ ಆರಂಭಿಸಬೇಡಿ.